ಯಮಪಾಲನ ಚತುರ್ದಶಿ: ಶಾಸ್ತ್ರದಲ್ಲಿ ಉಳಿದ ಪೂರ್ವಗ್ರಹವೂ ಅದನ್ನು ಗೆದ್ದ ಶ್ರದ್ಧೆಯೂ

ಶ್ರಾವಕನ ನಡೆನುಡಿಗಳಿಗೆ ಅಳತೆಗೋಲಾಗಿ ಜೈನ ಸಮಾಜವು ಒಪ್ಪಿಕೊಂಡು ಬಂದಿರುವ ಗ್ರಂಥಗಳಲ್ಲಿ ಸ್ವಾಮಿ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ಕ್ಕೆ ಅಗ್ರಸ್ಥಾನವಿದೆ. ನೂರೈವತ್ತು ಶ್ಲೋಕಗಳ ಈ ಕಿರುಹೊತ್ತಗೆಯನ್ನು ಪಾಠಶಾಲೆಯ ಬಾಲಕರು ಕಂಠಪಾಠ ಮಾಡುತ್ತಾರೆ. ಪರ್ಯೂಷಣದ ದಿನಗಳಲ್ಲಿ ಪಂಡಿತರು ಅದನ್ನು ವ್ಯಾಖ್ಯಾನಿಸುತ್ತಾರೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, 1129ರ ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರರನ್ನು ಮಹಾವಾದಿಗಳ ಸಾಲಿನಲ್ಲಿ ಕೊಂಡಾಡುತ್ತದೆ. ಇಂತಹ ಪ್ರಮಾಣಗ್ರಂಥವು ಅಹಿಂಸಾಣುವ್ರತಕ್ಕೆ ಯಾರನ್ನು ಆದರ್ಶವಾಗಿ ತೋರಿಸಿದೆ ಎಂಬ ಪ್ರಶ್ನೆಯನ್ನು ಕೇಳಿದರೆ, ಶ್ಲೋಕವನ್ನು ಬಾಯಿಪಾಠ ಬಲ್ಲವರಲ್ಲಿಯೂ ಅನೇಕರು ಒಂದು ಕ್ಷಣ ತಡವರಿಸುವುದುಂಟು. ಆ ಆದರ್ಶಪುರುಷನು ಚಕ್ರವರ್ತಿಯಲ್ಲ, ಶ್ರೇಷ್ಠಿಯಲ್ಲ, ಉಪಾಧ್ಯಾಯನೂ ಅಲ್ಲ. ಅವನೊಬ್ಬ ಮಾತಂಗ, ನೇಣುಗಂಬದ ಕೆಲಸದ ಚಾಂಡಾಲ.

ಐದು ಅಣುವ್ರತಗಳಲ್ಲಿ ಪೂಜಾತಿಶಯವನ್ನು ಪಡೆದವರ ಹೆಸರುಗಳನ್ನು ಆಚಾರ್ಯರು ಒಂದೇ ಶ್ಲೋಕದಲ್ಲಿ ಅಡಕಗೊಳಿಸಿದ್ದಾರೆ. ಅಹಿಂಸೆಗೆ ಮಾತಂಗ, ಸತ್ಯಕ್ಕೆ ವರ್ತಕನಾದ ಧನದೇವ, ಅಚೌರ್ಯಕ್ಕೆ ರಾಜಪುತ್ರನಾದ ವಾರಿಷೇಣ, ಶೀಲಕ್ಕೆ ವಣಿಕ್ಪುತ್ರಿಯಾದ ನೀಲಿ, ಪರಿಗ್ರಹಪರಿಮಾಣಕ್ಕೆ ಜಯಕುಮಾರ. ಈ ಪಂಕ್ತಿಯಲ್ಲಿ ಮಾತಂಗನು ಕೊನೆಯಲ್ಲಿ ಕುಳಿತಿಲ್ಲ, ದೂರದಲ್ಲಿ ನಿಂತಿಲ್ಲ. ಮೊದಲ ಎಲೆಯೇ ಅವನದು. ವರ್ತಕನೂ ರಾಜಪುತ್ರನೂ ಅವನ ಅನಂತರ ಬರುತ್ತಾರೆ. ಅಹಿಂಸೆಯೇ ಮೊದಲ ವ್ರತವಾದ್ದರಿಂದ ಈ ಕ್ರಮ ಬಂದಿದೆ ಎಂದು ಹೇಳಬಹುದು. ಆದರೆ ಮೊದಲ ವ್ರತಕ್ಕೆ ಉದಾಹರಣೆಯಾಗಲು ಬೇರೆ ಯಾವ ಮಹಾಪುರುಷನೂ ಆಚಾರ್ಯರಿಗೆ ದೊರೆಯದೆ ಹೋದನೆ? ದೊರೆಯುತ್ತಿದ್ದನು. ತಿಳಿದೇ ಮಾಡಿದ ಆಯ್ಕೆ ಇದು.

ಟೀಕೆಯಲ್ಲಿ ಬರುವ ಕಥೆ

ಮೂಲ ಶ್ಲೋಕದಲ್ಲಿ ಹೆಸರು ಮಾತ್ರ ಇದೆ. ಕಥೆಯಿರುವುದು ಪ್ರಭಾಚಂದ್ರರ ಸಂಸ್ಕೃತ ಟೀಕೆಯಲ್ಲಿ. ಪೋದನಪುರದ ಮಹಾಬಲ ರಾಜನು ನಂದೀಶ್ವರದ ಎಂಟು ದಿನಗಳಲ್ಲಿ ಯಾವ ಜೀವವನ್ನೂ ಕೊಲ್ಲಕೂಡದೆಂದು ಆಜ್ಞೆ ಹೊರಡಿಸುತ್ತಾನೆ. ಮಾಂಸಪ್ರಿಯನಾದ ಅವನ ಮಗ ಬಲಕುಮಾರನು ಉದ್ಯಾನದಲ್ಲಿ ಗುಟ್ಟಾಗಿ ಅರಮನೆಯ ಟಗರನ್ನು ಕೊಂದು ತಿನ್ನುತ್ತಾನೆ. ಮರವನ್ನೇರಿದ್ದ ಮಾಲಿಗನು ಅದನ್ನು ಕಂಡು ರಾತ್ರಿ ಹೆಂಡತಿಗೆ ಹೇಳುವಾಗ ಗೂಢಚಾರನ ಕಿವಿಗೆ ಬೀಳುತ್ತದೆ. ಸಿಟ್ಟಿಗೆದ್ದ ರಾಜನು ಮಗನನ್ನು ತುಂಡುತುಂಡಾಗಿ ಕಡಿಯುವಂತೆ ಆಜ್ಞಾಪಿಸುತ್ತಾನೆ. ತಳವಾರರು ಯಮಪಾಲನೆಂಬ ಚಾಂಡಾಲನನ್ನು ಕರೆತರಲು ಬರುತ್ತಾರೆ. ಅಂದು ಚತುರ್ದಶಿ.

ಯಮಪಾಲನು ಹಿಂದೊಮ್ಮೆ ಹಾವು ಕಚ್ಚಿ ಸತ್ತನೆಂದು ಸ್ಮಶಾನಕ್ಕೆ ಎಸೆಯಲ್ಪಟ್ಟಿದ್ದವನು. ಸರ್ವೌಷಧಿ ಋದ್ಧಿಯನ್ನು ಪಡೆದ ಮುನಿಯೊಬ್ಬರ ದೇಹವನ್ನು ಸೋಕಿ ಬಂದ ಗಾಳಿಯಿಂದ ಅವನು ಬದುಕಿದನು. ಆ ಮುನಿಗಳ ಬಳಿಯಲ್ಲಿ ಚತುರ್ದಶಿಯ ದಿನ ಕೊಲ್ಲುವುದಿಲ್ಲವೆಂಬ ವ್ರತವನ್ನು ಹಿಡಿದನು. ತಳವಾರರು ಬಂದಾಗ, ತಾನು ಬೇರೆ ಊರಿಗೆ ಹೋಗಿರುವುದಾಗಿ ಹೇಳೆಂದು ಹೆಂಡತಿಗೆ ತಿಳಿಸಿ ಮನೆಯ ಮೂಲೆಯಲ್ಲಿ ಅಡಗುತ್ತಾನೆ. ರಾಜಕುಮಾರನ ಮೈಮೇಲಿನ ಒಡವೆಗಳು ಇವನಿಗೆ ತಪ್ಪಿದವಲ್ಲ ಎಂದು ತಳವಾರರು ಆಡಿಕೊಂಡಾಗ, ಅವಳು ಬಾಯಲ್ಲಿ ಇಲ್ಲವೆನ್ನುತ್ತಲೇ ಕೈಸನ್ನೆಯಿಂದ ತೋರಿಸಿಬಿಡುತ್ತಾಳೆ. ಯಮಪಾಲನನ್ನು ಎಳೆದೊಯ್ಯುತ್ತಾರೆ. ರಾಜನ ಮುಂದೆಯೂ ಅವನು ಜಗ್ಗುವುದಿಲ್ಲ, ಇಂದು ಕೊಲ್ಲಲಾರೆನೆನ್ನುತ್ತಾನೆ. ಅಸ್ಪೃಶ್ಯನಾದ ಚಾಂಡಾಲನಿಗೂ ವ್ರತವೇ ಎಂದು ಕೆರಳಿದ ರಾಜನು ಇಬ್ಬರನ್ನೂ ಕಟ್ಟಿ ಮೊಸಳೆಯ ಮಡುವಿಗೆ ಎಸೆಯಿಸುತ್ತಾನೆ. ವ್ರತದ ಮಹಿಮೆಯಿಂದ ಜಲದೇವತೆಗಳು ಯಮಪಾಲನನ್ನು ನೀರಿನ ನಡುವೆ ಸಿಂಹಾಸನದ ಮೇಲೆ ಕೂರಿಸಿ ಪೂಜಿಸುತ್ತಾರೆ. ಸುದ್ದಿ ತಿಳಿದ ರಾಜನು ಹೆದರಿ ಬಂದು, ತನ್ನ ಛತ್ರದ ಕೆಳಗೆ ಅವನಿಗೆ ಸ್ನಾನ ಮಾಡಿಸಿ, ಅವನನ್ನು ಮುಟ್ಟಬಹುದಾದವನನ್ನಾಗಿ ಮಾಡುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಈ ಕಥೆಯನ್ನು ಭಕ್ತಿಯಿಂದ ಕೇಳಿದವರು ವ್ರತಮಹಿಮೆಯನ್ನು ಕಂಡು ಕೈಮುಗಿಯುತ್ತಾರೆ, ಅದು ಯೋಗ್ಯವೇ. ಆದರೆ ವಿಮರ್ಶೆಯ ಕಣ್ಣಿನಿಂದ ಓದಿದವರಿಗೆ ಇಲ್ಲಿ ಎರಡು ದನಿಗಳು ಕೇಳಿಸುತ್ತವೆ. ಒಂದು ಸಮಂತಭದ್ರರ ದನಿ. ಇನ್ನೊಂದು ಆ ಕಾಲದ ಲೋಕದ ದನಿ. ಇವೆರಡನ್ನೂ ಬಿಡಿಸಿ ನೋಡದಿದ್ದರೆ ಶಾಸ್ತ್ರಕ್ಕೆ ನ್ಯಾಯ ಸಲ್ಲುವುದಿಲ್ಲ.

ಕಥೆಯಲ್ಲಿ ಕೊಲ್ಲದವನು ಒಬ್ಬನೇ

ಕಥೆಯ ಪಾತ್ರಗಳನ್ನು ಒಂದೊಂದಾಗಿ ತೂಗಿ ನೋಡಬೇಕು. ರಾಜಕುಮಾರನು ಪರ್ವದ ದಿನ ಪ್ರಾಣಿಯನ್ನು ಕೊಂದು ತಿಂದನು. ಜೀವದಯೆಯ ಆಜ್ಞೆಯನ್ನು ಹೊರಡಿಸಿದ ರಾಜನೇ ಆ ಆಜ್ಞೆಯ ಹೆಸರಿನಲ್ಲಿ ಹೆತ್ತ ಮಗನನ್ನು ಕಡಿಸಲು ಮುಂದಾದನು; ಕೊಲ್ಲಲಾರೆನೆಂದವನನ್ನೂ ಮೊಸಳೆಗಳಿಗೆ ಒಡ್ಡಿದನು. ತಳವಾರರು ಒಡವೆಯ ಮಾತಾಡಿದರು. ಅರಮನೆಯಿಂದ ಬೀದಿಯವರೆಗೆ ಕೊಲ್ಲದೆ ಇರುವ ದೃಢತೆಯನ್ನು ತೋರಿದವನು ಕೊಲ್ಲುವುದನ್ನೇ ಕಸುಬಾಗಿ ಹೊತ್ತಿದ್ದ ಒಬ್ಬನು ಮಾತ್ರ. ಅಹಿಂಸೆಯ ರಾಜಾಜ್ಞೆಯು ಭಯದಿಂದ ಹುಟ್ಟಿದ ಅಹಿಂಸೆ. ಯಮಪಾಲನದು ಶ್ರದ್ಧೆಯಿಂದ ಹುಟ್ಟಿದ್ದು. ತನ್ನನ್ನು ಬದುಕಿಸಿದ ಮುನಿಗಳ ಮೇಲಿನ ಪ್ರೀತಿ, ಅವರಿಗೆ ಕೊಟ್ಟ ಮಾತಿನ ಮೇಲಿನ ನಿಷ್ಠೆ, ಇವೆರಡೇ ಅವನ ಬಂಡವಾಳ. ತಿಂಗಳಿಗೆ ಎರಡು ದಿನದ ಚಿಕ್ಕ ವ್ರತವದು. ಆದರೂ ಪ್ರಾಣದ ಬೆಲೆಗೂ ಅದನ್ನು ಮಾರಲಿಲ್ಲ.

ಹೀಗಿದ್ದರೂ ಕಥೆಯಲ್ಲಿ ಮುಟ್ಟಬಾರದವನು ಯಾರು? ಟಗರನ್ನು ಕೊಂದು ತಿಂದ ರಾಜಪುತ್ರನಲ್ಲ. ಅವನ ಮೈಗೆ ಮೈಲಿಗೆ ತಟ್ಟಿತೆಂದು ಟೀಕೆಯಲ್ಲಿ ಎಲ್ಲಿಯೂ ಇಲ್ಲ. ಮಗನ ಕೊಲೆಗೆ ಆಜ್ಞೆಯಿತ್ತ ರಾಜನೂ ಅಲ್ಲ. ಕೊನೆಗೆ ಸ್ನಾನ ಮಾಡಿಸುವ ಕೈ ಅವನದೇ. ಕೊಲ್ಲಲೊಲ್ಲದೆ ಸಾಯಲು ಸಿದ್ಧನಾದವನೇ ಅಸ್ಪೃಶ್ಯ! ಪಾಪಪುಣ್ಯಗಳ ಲೆಕ್ಕವನ್ನು ಒಂದು ಖಾತೆಯಲ್ಲಿಯೂ, ಮಡಿಮೈಲಿಗೆಯ ಲೆಕ್ಕವನ್ನು ಇನ್ನೊಂದು ಖಾತೆಯಲ್ಲಿಯೂ ಬರೆದರೆ ಆಗುವ ಅನರ್ಥವಿದು. ಜಿನಧರ್ಮದಲ್ಲಿ ಮೊದಲನೆಯ ಖಾತೆ ಮಾತ್ರ ಸ್ವಂತದ್ದು. ಎರಡನೆಯದು ನೆರೆಯ ಅಂಗಡಿಯ ಸಾಲ. ಹಿಂದಿನ ವರ್ಷದ ಬಾಕಿಯೆಂದು ತಲೆಮಾರಿನಿಂದ ತಲೆಮಾರಿಗೆ ಎತ್ತಿ ಬರೆದುಕೊಂಡು ಬಂದದ್ದು.

ಕೊನೆಯ ಘಟ್ಟವನ್ನೂ ಗಮನಿಸಬೇಕು. ಯಮಪಾಲನ ವ್ರತಕ್ಕೆ ಸಾಕ್ಷಿ ನುಡಿಯಲು ಜಲದೇವತೆಗಳು ಬರಬೇಕಾಯಿತು. ಅವನು ಮುಟ್ಟಬಹುದಾದವನಾಗಲು ರಾಜನ ಅಪ್ಪಣೆ ಬೇಕಾಯಿತು. ಹಾಗಾದರೆ ದೇವತೆಗಳು ಬಾರದ ಊರಿನ ಸತ್ಯವಂತ ಮಾತಂಗನ ಗತಿಯೇನು? ಸಮಂತಭದ್ರರೇ ತಮ್ಮ ‘ಆಪ್ತಮೀಮಾಂಸೆ’ಯ ಆರಂಭದಲ್ಲಿ, ದೇವತೆಗಳ ಆಗಮನ, ಆಕಾಶಗಮನ, ಚಾಮರವೇ ಮೊದಲಾದ ವೈಭವಗಳು ಮಾಯಾವಿಗಳಲ್ಲಿಯೂ ಕಾಣಸಿಗುವುದರಿಂದ ಅವುಗಳಿಂದಲೇ ಜಿನನು ದೊಡ್ಡವನಾಗುವುದಿಲ್ಲವೆಂಬ ವಿಚಾರವನ್ನು ಮಂಡಿಸಿದ್ದಾರೆ. ಜಿನನ ಹಿರಿಮೆಗೇ ಪವಾಡವನ್ನು ಪ್ರಮಾಣವೆಂದು ಒಪ್ಪದ ಆಚಾರ್ಯರು ಒಬ್ಬ ಮಾತಂಗನ ಹಿರಿಮೆಗೆ ಪವಾಡವನ್ನು ಬೇಡುತ್ತಿದ್ದರೆ? ಪವಾಡವೂ ರಾಜಾನುಗ್ರಹವೂ ಟೀಕೆಯ ಕಾಲದ ಲೋಕವು ಕೇಳಿದ ಜಾಮೀನು, ಮೂಲವು ಕೇಳಿದ್ದಲ್ಲ.

ಅದೇ ಲೋಕವು ಯಮಪಾಲನ ಹೆಂಡತಿಯನ್ನು ಒಡವೆಯಾಸೆಯ ಹೆಂಗಸನ್ನಾಗಿ ಚಿತ್ರಿಸಿತು. ಅವಳ ಹೆಸರನ್ನೂ ಹೇಳಲಿಲ್ಲ. ಬಡತನವನ್ನು ವಿಚಾರಿಸಲೂ ಇಲ್ಲ. ಆದರೆ ಅದೇ ಶ್ಲೋಕದಲ್ಲಿ ಸಮಂತಭದ್ರರು ನೀಲಿಯೆಂಬ ಸ್ತ್ರೀಯನ್ನು ವ್ರತದ ಆದರ್ಶವಾಗಿ ನಿಲ್ಲಿಸಿದ್ದಾರೆಂಬುದನ್ನು ಮರೆಯಬಾರದು.

ಮೂಲವು ಹೇಳುವುದೇನು?

ರತ್ನಕರಂಡಕದ ಮೊದಲ ಪರಿಚ್ಛೇದವು ಸಮ್ಯಗ್ದರ್ಶನದ ನಿರೂಪಣೆ. ಮಾತಂಗನ ಪ್ರಸ್ತಾಪ ಅಲ್ಲಿಯೂ ಬಂದಿದೆ. ಸಮ್ಯಗ್ದರ್ಶನವನ್ನು ಪಡೆದವನು ಮಾತಂಗನ ಒಡಲಿನಲ್ಲಿ ಹುಟ್ಟಿದ್ದರೂ ದೇವರಿಗೆ ಸಮನೆಂದು ದೇವತೆಗಳೇ ತಿಳಿಯುತ್ತಾರೆಂದೂ, ಅವನು ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೆ ಬೆಳಗುತ್ತಾನೆಂದೂ ಅಲ್ಲಿನ ತಾತ್ಪರ್ಯ. ಬೂದಿಯನ್ನು ಕಂಡು ಕೆಂಡವಿಲ್ಲವೆಂದುಕೊಂಡರೆ ದೋಷ ನೋಡಿದವನ ಕಣ್ಣಿನದು.

ಈ ಮಾತು ಬರುವ ಸಂದರ್ಭವು ಇನ್ನೂ ಮುಖ್ಯವಾದುದು. ಸಮ್ಯಕ್ತ್ವವನ್ನು ಕೆಡಿಸುವ ಎಂಟು ಮದಗಳನ್ನು ಹೇಳಿದ ಕೂಡಲೆ ಇದು ಬರುತ್ತದೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ರೂಪ ಇವೇ ಆ ಎಂಟು. ಕುಲಮದವೂ ಜಾತಿಮದವೂ ಇಲ್ಲಿ ಸಾಮಾಜಿಕ ಕುಂದುಗಳಾಗಿ ಎಣಿಕೆಯಾಗಿಲ್ಲ; ಮೋಕ್ಷಮಾರ್ಗದ ಮೊದಲ ಮೆಟ್ಟಿಲನ್ನೇ ಮುರಿಯುವ ದೋಷಗಳಾಗಿ ಎಣಿಕೆಯಾಗಿವೆ. ಮದದಿಂದ ಧರ್ಮಾತ್ಮರನ್ನು ಹೀಗಳೆದವನು ತನ್ನ ಧರ್ಮವನ್ನೇ ಹೀಗಳೆದಂತೆ, ಏಕೆಂದರೆ ಧರ್ಮವಂತರನ್ನು ಬಿಟ್ಟು ಧರ್ಮಕ್ಕೆ ಬೇರೆ ನೆಲೆಯಿಲ್ಲ ಎಂಬುದು ಆಚಾರ್ಯರ ತರ್ಕ.

ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಯನ್ನೂ ಇದರೊಂದಿಗೆ ಓದಬೇಕು. ದೇಹವು ಸ್ವಭಾವದಿಂದಲೇ ಅಶುಚಿ. ಅದನ್ನು ಪವಿತ್ರಗೊಳಿಸುವುದು ರತ್ನತ್ರಯ. ಆದ್ದರಿಂದ ಅಸಹ್ಯಪಡದೆ ಗುಣದಲ್ಲಿ ಪ್ರೀತಿಯಿಡುವುದೇ ನಿರ್ವಿಚಿಕಿತ್ಸೆ ಎಂಬುದು ಲಕ್ಷಣ. ಉದ್ದಾಯನ ರಾಜನು ರೋಗಪೀಡಿತ ಮುನಿಯ ವಾಂತಿಯನ್ನೂ ಹೇಸದೆ ತೊಳೆದನೆಂಬುದು ಇದರ ಕಥೆ. ಎಲ್ಲ ದೇಹಗಳೂ ಸಮಾನವಾಗಿ ಅಶುಚಿಯೆಂದಾದ ಮೇಲೆ ಒಂದು ಕುಲದ ದೇಹ ಶುದ್ಧ, ಇನ್ನೊಂದು ಕುಲದ ದೇಹ ಅಶುದ್ಧ ಎಂಬುದಕ್ಕೆ ಎಡೆಯೆಲ್ಲಿ? ಅಸ್ಪೃಶ್ಯತೆಯು ಜೈನ ಪರಿಭಾಷೆಯಲ್ಲಿ ವಿಚಿಕಿತ್ಸೆಯೇ ಹೊರತು ಬೇರೆಯಲ್ಲ. ಅದಕ್ಕೆ ಮದ್ದು ಗುಣಪ್ರೀತಿ. ಪ್ರೀತಿಯೆಂಬ ಮಾತು ಹೊರಗಿನಿಂದ ಬಂದ ಹೊಸ ಉಪದೇಶವಲ್ಲ. ಅದು ಸಮ್ಯಗ್ದರ್ಶನದ ಲಕ್ಷಣದೊಳಗೇ ಕುಳಿತಿದೆ.

ಒಂದೇ ಪುರಾಣದ ಎರಡು ಮಾತು

ಹೀಗಿದ್ದ ಮೇಲೆ ಪೂರ್ವಗ್ರಹವು ಶಾಸ್ತ್ರದೊಳಕ್ಕೆ ಹೇಗೆ ಬಂದಿತು? ರಾಷ್ಟ್ರಕೂಟ ಅಮೋಘವರ್ಷನ ಕಾಲದವರಾದ ಭಗವಜ್ಜಿನಸೇನಾಚಾರ್ಯರ ‘ಆದಿಪುರಾಣ’ವು ಇದಕ್ಕೆ ಮುಖ್ಯ ಸಾಕ್ಷಿ. ಆದಿನಾಥನು ಕರ್ಮಭೂಮಿಯ ಆರಂಭದಲ್ಲಿ ಕ್ಷತ್ರಿಯ, ವೈಶ್ಯ, ಶೂದ್ರರೆಂಬ ವಿಭಾಗವನ್ನು ಮಾಡಿದನೆಂದು ಅಲ್ಲಿ ಹೇಳಿದೆ. ಶೂದ್ರರಲ್ಲಿ ಸ್ಪೃಶ್ಯರು, ಅಸ್ಪೃಶ್ಯರು ಎಂಬ ಭೇದವೂ, ಅಸ್ಪೃಶ್ಯರು ಊರ ಹೊರಗಿನವರು ಎಂಬ ಮಾತೂ ಅಲ್ಲಿಯೇ ಇವೆ. ಇದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ.

ಅದೇ ಪುರಾಣದ ಮೂವತ್ತೆಂಟನೆಯ ಪರ್ವದಲ್ಲಿ ಮನುಷ್ಯಜಾತಿಯು ಜಾತಿನಾಮಕರ್ಮದ ಉದಯದಿಂದಾದ ಒಂದೇ ಜಾತಿ, ನಾಲ್ಕಾಗಿ ತೋರುವುದು ವೃತ್ತಿಭೇದದಿಂದ ಮಾತ್ರ ಎಂಬ ಸಿದ್ಧಾಂತವೂ ಇದೆ. ಭರತಚಕ್ರಿಯು ಬ್ರಾಹ್ಮಣರನ್ನು ಆರಿಸಿದ್ದು ಹುಟ್ಟನ್ನು ನೋಡಿ ಅಲ್ಲ. ಅಂಗಳದ ಎಳೆಯ ಮೊಳಕೆಗಳನ್ನು ತುಳಿಯಲು ಹಿಂಜರಿದ ದಯೆಯನ್ನು ನೋಡಿ. ಆ ವ್ಯವಸ್ಥೆಯೂ ಮುಂದಿನ ಕಾಲದಲ್ಲಿ ಕೇಡಿಗೆ ಕಾರಣವಾಗುವುದೆಂದು ಆದಿಜಿನನೇ ಭರತನಿಗೆ ಎಚ್ಚರಿಕೆ ಕೊಟ್ಟ ಪ್ರಸಂಗವನ್ನು ಜಿನಸೇನರು ಬಚ್ಚಿಡಲಿಲ್ಲ.

ಹೀಗೆ ಒಂದೇ ಗ್ರಂಥದಲ್ಲಿ ರೋಗವೂ ಇದೆ, ಮದ್ದೂ ಇದೆ. ವರ್ಣವ್ಯವಸ್ಥೆ ಬೇರುಬಿಟ್ಟಿದ್ದ ಸಮಾಜದ ನಡುವೆ ಅಲ್ಪಸಂಖ್ಯೆಯ ಶ್ರಾವಕರು ಬಾಳಬೇಕಾಗಿದ್ದಾಗ ಲೋಕವ್ಯವಹಾರದ ಎಷ್ಟೋ ಅಂಶಗಳು ಪುರಾಣವನ್ನು ಸೇರಿದುದು ಆಶ್ಚರ್ಯವಲ್ಲ. ಆಶ್ಚರ್ಯವಿರುವುದು ಮುಂದಿನ ಪೀಳಿಗೆಯ ಆಯ್ಕೆಯಲ್ಲಿ. 941ರಲ್ಲಿ ‘ಆದಿಪುರಾಣ’ವನ್ನು ಕನ್ನಡಕ್ಕೆ ತಂದ ಪಂಪನು ಮನುಷ್ಯಕುಲದ ಏಕತೆಯ ಮಾತನ್ನು ಎತ್ತಿಕೊಂಡನು. ಅವನ ತಂದೆ ಭೀಮಪಯ್ಯನು ಬ್ರಾಹ್ಮಣಕುಲದಲ್ಲಿ ಹುಟ್ಟಿ ಜಿನಧರ್ಮವನ್ನು ಒಪ್ಪಿಕೊಂಡವನು. ಹುಟ್ಟಿನಿಂದಲ್ಲ, ಶ್ರದ್ಧೆಯಿಂದ ಜೈನವಾದ ಮನೆಯಲ್ಲಿ ಬೆಳೆದ ಕವಿಗೆ ಆ ಮಾತಿನ ಬೆಲೆ ತಿಳಿದಿದ್ದುದು ಸಹಜ. ಇಂದು ಕನ್ನಡನಾಡಿನ ಶಾಲೆಯ ಮಕ್ಕಳಿಗೂ ಪಂಪನೆಂದರೆ ಆ ಮಾತೇ ನೆನಪಾಗುತ್ತದೆ. ಸ್ಪೃಶ್ಯಾಸ್ಪೃಶ್ಯದ ಮಾತು ಯಾರ ನಾಲಗೆಯ ಮೇಲೂ ಉಳಿಯಲಿಲ್ಲ.

ಪಂಪನಿಗೂ ಜಿನಸೇನರಿಗೂ ಮೊದಲೇ ರವಿಷೇಣಾಚಾರ್ಯರು ‘ಪದ್ಮಪುರಾಣ’ದಲ್ಲಿ, ವ್ರತವನ್ನು ಪಾಲಿಸುವ ಚಾಂಡಾಲನನ್ನೂ ದೇವತೆಗಳು ಬ್ರಾಹ್ಮಣನೆಂದೇ ತಿಳಿಯುತ್ತಾರೆಂಬ ನಿಲುವನ್ನು ತಳೆದಿದ್ದರು. ಕೊಪ್ಪಳದ ಬೆಟ್ಟದಲ್ಲಿ ಪಾದಚಿಹ್ನೆಗಳಿರುವ ಜಟಾಸಿಂಹನಂದಿ ಆಚಾರ್ಯರು ‘ವರಾಂಗಚರಿತ’ದಲ್ಲಿ ಹುಟ್ಟಿನ ಜಾತಿಯನ್ನು ವಿಸ್ತಾರವಾಗಿ ಖಂಡಿಸಿದರು. ಅನಂತರದ ಕಾಲದಲ್ಲಿ ಅಮಿತಗತಿಯ ‘ಧರ್ಮಪರೀಕ್ಷೆ’ಯೂ, ಅದನ್ನು ಕನ್ನಡಕ್ಕೆ ತಂದ ವೃತ್ತವಿಲಾಸನ ಕೃತಿಯೂ ಬಂದವು. ಶ್ವೇತಾಂಬರ ಆಗಮವಾದ ‘ಉತ್ತರಾಧ್ಯಯನ’ದಲ್ಲಿ ಚಾಂಡಾಲಕುಲದ ಹರಿಕೇಶಬಲ ಮುನಿಯ ಅಧ್ಯಾಯವೇ ಇದೆ. ಜಾತಿವಿಚಾರವನ್ನು ಪ್ರಶ್ನಿಸುವುದು ಆಧುನಿಕರ ಅನುಕರಣೆಯೆಂದು ಹೇಳುವವರು ಈ ಪರಂಪರೆಯನ್ನು ಓದಬೇಕು.

ಶೀಳನೆರೆಯ ಸೀಮೆಯ ಸಾಕ್ಷಿ

ಗ್ರಂಥದ ಮಾತು ನೆಲದ ಮೇಲೆ ಏನಾಯಿತೆಂಬುದನ್ನು ನೋಡಲು ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯ ಸೀಮೆಗಿಂತ ಒಳ್ಳೆಯ ಎಡೆ ದೊರೆಯದು. ಅದೇ ತಾಲ್ಲೂಕಿನ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ಗುಡಿಯೂ ಇದೆ, ಪಾರ್ಶ್ವನಾಥ ಬಸದಿಯೂ ಇದೆ. ನಾಗಮಂಗಲದ ಕಡೆಗೆ ಕಂಬದಹಳ್ಳಿಯ ಪಂಚಕೂಟ ಬಸದಿ, ಪಾಂಡವಪುರದ ಕಡೆಗೆ ಮೇಲುಕೋಟೆ ಮತ್ತು ತೊಣ್ಣೂರು, ಕಿಕ್ಕೇರಿಯ ದಾರಿ ಹಿಡಿದರೆ ಶ್ರವಣಬೆಳಗೊಳ. ಒಂದೆರಡು ದಿನದ ಕಾಲ್ನಡಿಗೆಯೊಳಗೆ ಇಷ್ಟು ದರ್ಶನಗಳ ಕ್ಷೇತ್ರಗಳನ್ನು ಹೊಂದಿರುವ ಸೀಮೆಯಲ್ಲಿ ದ್ವೇಷದ ಕಥೆಗಳೂ ಬೆಳೆದಿವೆ, ಪ್ರೀತಿಯ ನಡತೆಯೂ ಬೆಳೆದಿದೆ.

ತೊಣ್ಣೂರಿನಲ್ಲಿ ರಾಮಾನುಜಾಚಾರ್ಯರು ತೆರೆಯ ಮರೆಯಲ್ಲಿ ಸಾವಿರ ಹೆಡೆಯ ಆದಿಶೇಷನ ರೂಪವನ್ನು ತಾಳಿ ಸಾವಿರ ಜೈನರನ್ನು ವಾದದಲ್ಲಿ ಸೋಲಿಸಿದರೆಂಬ ಕಥೆಯನ್ನು ಶ್ರೀವೈಷ್ಣವರ ಗುರುಪರಂಪರೆಗಳು ಹೇಳಿಕೊಂಡು ಬಂದವು. ವಿಷ್ಣುವರ್ಧನನು ಬಸದಿಗಳನ್ನು ಕೆಡವಿದ್ದಕ್ಕೆ ಅಡಗೂರಿನ ಬಳಿ ಭೂಮಿ ಬಾಯ್ದೆರೆಯಿತೆಂದು ದೇವಚಂದ್ರನ ‘ರಾಜಾವಳಿ ಕಥೆ’ ಹೇಳಿತು. ಎರಡೂ ಪಕ್ಷದವರು ತಮ್ಮ ಗಾಯವನ್ನು ಗ್ರಂಥವಾಗಿ ಮಾಡಿದರು. ಮಕ್ಕಳು ಮೊಮ್ಮಕ್ಕಳು ಅದನ್ನು ಶಾಸ್ತ್ರವೆಂದೇ ಓದಿದರು. ಪೂರ್ವಗ್ರಹವು ಪಿತ್ರಾರ್ಜಿತವಾಗುವ ಕ್ರಮ ಇದೇ.

ಆದರೆ ಅದೇ ವಿಷ್ಣುವರ್ಧನನ ಅರಮನೆಯ ಶಾಸನಗಳು ಬೇರೆ ಕಥೆಯನ್ನು ಹೇಳುತ್ತವೆ. ಪಟ್ಟದರಸಿ ಶಾಂತಲದೇವಿಯ ತಂದೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಶಾಂತಲೆಯು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ದೇಹವನ್ನು ಬಿಟ್ಟಳು. ಒಂದೇ ಮನೆಯಲ್ಲಿ ಮೂರು ದರ್ಶನಗಳು ಒಂದರ ಮೇಲೊಂದು ಕೈಮಾಡದೆ ಬಾಳಿದುವು. ಗ್ರಂಥಗಳ ಜಗಳಕ್ಕಿಂತ ಮನೆಯ ಪ್ರೀತಿಯೇ ದೊಡ್ಡದಾಗಿದ್ದಿತು.

1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವೆದ್ದಾಗ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿರಿಸಿದ ಪ್ರಸಂಗವು ಬೆಳಗೊಳದ ಶಾಸನದಿಂದ ಎಲ್ಲರಿಗೂ ವಿದಿತವೇ ಇದೆ. ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವನೇ ಹೊತ್ತನು. ಈ ಶಾಸನವನ್ನು ಉದಾಹರಿಸುವ ಭಾಷಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರವಿದೆ. ಜೈನರ ಕೈಹಿಡಿದವರ ಪಟ್ಟಿಯಲ್ಲಿ ತಿರುನಾರಾಯಣಪುರವೇ ಮೊದಲಾದ ಕ್ಷೇತ್ರಗಳ ಆಚಾರ್ಯರೊಂದಿಗೆ ತಿರುಕುಲದವರ ಹಾಗೂ ಜಾಂಬವಕುಲದವರ ಹೆಸರೂ ಸೇರಿದೆ. ಲೋಕವು ಹೊಲೆಯರೆಂದೂ ಮಾದಿಗರೆಂದೂ ಊರ ಹೊರಗಿಟ್ಟ ಜನರವರು. ಮೇಲುಕೋಟೆಯ ಸಂಪ್ರದಾಯವು ಅವರಿಗೆ ರಾಮಾನುಜರು ತಿರುಕುಲದವರೆಂಬ ಹೆಸರನ್ನೂ ವರ್ಷದ ಕೆಲವು ದಿನ ದೇವಾಲಯ ಪ್ರವೇಶದ ಹಕ್ಕನ್ನೂ ಕೊಟ್ಟರೆಂದು ಹೇಳುತ್ತದೆ. ಅಲ್ಲಿಯೇ ಸುಲ್ತಾನನ ಮಗಳಾದ ಬೀಬಿ ನಾಚ್ಚಿಯಾರ್ ಚೆಲುವಪಿಳ್ಳೆಯ ಮೇಲಿನ ಪ್ರೀತಿಯಿಂದ ಬಂದು ದೇವರ ಪಾದದಲ್ಲಿ ನೆಲೆಗೊಂಡಳೆಂಬ ನಂಬಿಕೆಯೂ ಇದೆ.

ಇದರ ಅರ್ಥವನ್ನು ಜೈನ ಸಮಾಜವು ಆಲೋಚಿಸಬೇಕು. ಬಸದಿಗಳ ರಕ್ಷಣೆಗೆ ಮಾತು ಕೊಟ್ಟವರಲ್ಲಿ ಮಾತಂಗರೂ ಒಬ್ಬರು. ಆರುನೂರೈವತ್ತು ವರ್ಷಗಳ ಹಿಂದೆ ಜೈನರ ಕೈಯನ್ನು ಹಿಡಿದ ಕೈ ಮುಟ್ಟಬಾರದ ಕೈಯಾಗಿರಲಿಲ್ಲ. ಆ ಕೈಯಿಂದ ರಕ್ಷಣೆಯನ್ನು ಸ್ವೀಕರಿಸಿ ಆ ಕೈಗೆ ಬಾಗಿಲು ಮುಚ್ಚುವುದು ಯಾವ ವ್ಯಾಪಾರಧರ್ಮವೂ ಒಪ್ಪದ ನಡೆ.

ಕಾನೂನು ಮತ್ತು ಅಂತಃಕರಣ

1947ರಲ್ಲಿ ಮುಂಬಯಿ ಪ್ರಾಂತದ ಹರಿಜನ ದೇವಾಲಯ ಪ್ರವೇಶ ಕಾಯಿದೆ ಬಂದಿತು. ಬೆಳಗಾವಿ, ಧಾರವಾಡ ಮೊದಲಾದ ಜಿಲ್ಲೆಗಳು ಆಗ ಆ ಪ್ರಾಂತದಲ್ಲಿದ್ದುವು. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದವರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು ಈ ಕಾಯಿದೆಯನ್ನು ಜಿನಾಲಯಗಳಿಗೆ ಅನ್ವಯಿಸುವುದು ಜೈನಧರ್ಮದ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಭಾವಿಸಿ ಸುಮಾರು ಮೂರು ವರ್ಷ ಅನ್ನಾಹಾರವನ್ನು ತ್ಯಜಿಸಿದರು. 1951ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ಜೈನರ ಪರವಾಗಿ ಬಂದ ಮೇಲೆ ಅವರು ಆ ತ್ಯಾಗವನ್ನು ಮುಗಿಸಿದರು. ಆ ತಪಸ್ಸಿನ ಮುಂದೆ ಯಾರ ತಲೆಯಾದರೂ ಬಾಗಬೇಕು. ಧರ್ಮದ ಆಡಳಿತವು ಧರ್ಮೀಯರ ಕೈಯಲ್ಲಿರಬೇಕೆಂಬ ವಾದವೂ ಹುರುಳಿಲ್ಲದ್ದಲ್ಲ.

ಅದೇ ಕಾಲದಲ್ಲಿ ಉತ್ತರದಲ್ಲಿ ಪೂಜ್ಯ ಗಣೇಶಪ್ರಸಾದ ವರ್ಣಿಯವರು ಹರಿಜನರ ದೇವಾಲಯ ಪ್ರವೇಶವನ್ನು ಬೆಂಬಲಿಸಿ ಸಮಾಜದೊಳಗಿನಿಂದಲೇ ತೀವ್ರ ವಿರೋಧವನ್ನು ಎದುರಿಸಿದರು. ವೈಷ್ಣವ ಮನೆತನದಲ್ಲಿ ಹುಟ್ಟಿ ಶ್ರದ್ಧೆಯಿಂದ ಜೈನರಾಗಿ, 1905ರಲ್ಲಿ ಕಾಶಿಯಲ್ಲಿ ಸ್ಯಾದ್ವಾದ ವಿದ್ಯಾಲಯವನ್ನು ಕಟ್ಟಿದ ಮಹನೀಯರವರು. ಪಂಡಿತ ಫೂಲಚಂದ್ರ ಶಾಸ್ತ್ರಿಗಳು 1963ರಲ್ಲಿ ‘ವರ್ಣ, ಜಾತಿ ಔರ್ ಧರ್ಮ’ ಎಂಬ ಗ್ರಂಥದಲ್ಲಿ ಈ ವಿಷಯದ ಶಾಸ್ತ್ರಾಧಾರಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದರು. ಇಬ್ಬರು ಮಹಾತ್ಯಾಗಿಗಳು ಎರಡು ಕಡೆ ನಿಂತರು. ಅನೇಕಾಂತದ ದೃಷ್ಟಿಯಿಂದ ನೋಡಿದರೆ ಅವರ ಪ್ರಶ್ನೆಗಳೇ ಬೇರೆ ಬೇರೆ. ಸರಕಾರವು ಬಾಗಿಲನ್ನು ಬಲವಂತದಿಂದ ತೆರೆಸಬಹುದೆ ಎಂಬುದು ಒಂದು. ಶ್ರಾವಕನು ತಾನಾಗಿ ತೆರೆಯಬೇಕೆ ಎಂಬುದು ಇನ್ನೊಂದು. ಮೊದಲನೆಯದನ್ನು ನ್ಯಾಯಾಲಯವೂ ಸಂಸತ್ತೂ ತೀರ್ಮಾನಿಸುತ್ತವೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯ ವಿವರಣೆಯಲ್ಲಿ ಜೈನರನ್ನೂ ಸೇರಿಸಲಾಯಿತು. ಎರಡನೆಯದನ್ನು ತೀರ್ಮಾನಿಸಬೇಕಾದುದು ಸಮ್ಯಗ್ದರ್ಶನ. ನ್ಯಾಯಾಲಯದಲ್ಲಿ ಗೆದ್ದ ಮಾತ್ರಕ್ಕೆ ಜಾತಿಮದವು ಗುಣವಾಗುವುದಿಲ್ಲ.

ಬಲವಂತವಿಲ್ಲದೆ ಬಾಗಿಲು ತೆರೆದುದಕ್ಕೂ ನಿದರ್ಶನವಿದೆ. 1960ರ ದಶಕದಲ್ಲಿ ಮಾಳವ ಪ್ರಾಂತದಲ್ಲಿ ಸ್ಥಾನಕವಾಸಿ ಆಚಾರ್ಯ ನಾನಾಲಾಲರು ಬಲಾಯಿ ಜನಾಂಗದ ಹಳ್ಳಿಗಳಲ್ಲಿ ಮದ್ಯಮಾಂಸ ತ್ಯಾಗದ ವ್ರತವನ್ನು ಕೊಟ್ಟು, ಆ ಜನರಿಗೆ ಧರ್ಮಪಾಲರೆಂಬ ಹೆಸರಿತ್ತರು. ಅಲ್ಲಿ ಮೊಸಳೆಯ ಮಡುವಿರಲಿಲ್ಲ, ಜಲದೇವತೆಗಳೂ ಬರಲಿಲ್ಲ. ಒಬ್ಬ ಮುನಿಯ ವಾತ್ಸಲ್ಯವೂ ಸಾಮಾನ್ಯ ಜನರ ಶ್ರದ್ಧೆಯೂ ಸಾಕಾದುವು.

ಸಮಾಜದ ಮುಂದಿರುವ ಕೆಲಸ

ಹಾಗಾದರೆ ಶಾಸ್ತ್ರದಲ್ಲಿ ಉಳಿದಿರುವ ಇಂತಹ ಮಾತುಗಳನ್ನು ಏನು ಮಾಡಬೇಕು? ಅಳಿಸಿಹಾಕುವುದು ಸಲ್ಲದು, ಪೂರ್ವಾಚಾರ್ಯರ ಕೃತಿಗಳನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಕಣ್ಣುಮುಚ್ಚಿ ಒಪ್ಪಿಕೊಳ್ಳುವುದೂ ಸಲ್ಲದು. ಆಪ್ತನನ್ನೇ ಪರೀಕ್ಷಿಸಿ ನಂಬು ಎಂದ ಪರಂಪರೆಯಿದು. ಯಾವ ಮಾತು ರತ್ನತ್ರಯವನ್ನು ಬೆಳೆಸುತ್ತದೆಯೋ ಅದು ಜಿನವಾಣಿಯ ತಿರುಳು. ಯಾವ ಮಾತು ಎಂಟು ಮದಗಳಲ್ಲಿ ಒಂದನ್ನು ಪೋಷಿಸುತ್ತದೆಯೋ ಅದು ಕಾಲದ ಲೇಪ. ಈ ಒರೆಗಲ್ಲನ್ನು ಸಮಂತಭದ್ರರೇ ಕೊಟ್ಟಿದ್ದಾರೆ.

ಪಾಠಶಾಲೆಗಳಲ್ಲಿ ಯಮಪಾಲನ ಕಥೆಯನ್ನು ಹೇಳುವಾಗ ಅಧ್ಯಾಪಕರು ಕೊನೆಯ ವಾಕ್ಯದಲ್ಲಿ ನಿಂತು ಮಕ್ಕಳನ್ನು ಕೇಳಬೇಕು: ಸ್ನಾನ ಬೇಕಾಗಿದ್ದುದು ಯಮಪಾಲನಿಗೋ, ಅವನನ್ನು ಮಡುವಿಗೆ ಎಸೆಯಿಸಿದ ರಾಜನಿಗೋ? ಮಕ್ಕಳು ಸರಿಯಾದ ಉತ್ತರವನ್ನೇ ಕೊಡುತ್ತಾರೆ. ಬಸದಿಗಳ ಟ್ರಸ್ಟುಗಳು ತಮ್ಮ ನಿಯಮಾವಳಿಯನ್ನೂ ರೂಢಿಯನ್ನೂ ಎಂಟು ಮದಗಳ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಬಸದಿಯ ಅಂಗಳವನ್ನು ಗುಡಿಸುವವರು, ಉತ್ಸವದಲ್ಲಿ ವಾದ್ಯ ನುಡಿಸುವವರು, ಮಸ್ತಕಾಭಿಷೇಕಕ್ಕೆ ಅಟ್ಟಣೆ ಕಟ್ಟುವವರು ದರ್ಶನಕ್ಕೆ ಎಲ್ಲಿ ನಿಲ್ಲುತ್ತಾರೆ, ಊಟಕ್ಕೆ ಎಲ್ಲಿ ಕುಳಿತುಕೊಳ್ಳುತ್ತಾರೆ ಎಂಬುದನ್ನು ಧರ್ಮದರ್ಶಿಗಳು ಸ್ವತಃ ನೋಡಬೇಕು. ಮದ್ಯಮಾಂಸಗಳನ್ನು ಬಿಟ್ಟು ಶ್ರದ್ಧೆಯಿಂದ ಬರುವವನನ್ನು ಆಚಾರದ ನಿಯಮಕ್ಕೆ ಒಳಪಡಿಸುವುದು ನ್ಯಾಯ. ಆ ನಿಯಮವು ಹುಟ್ಟು ಜೈನನಿಗೂ ಅಷ್ಟೇ ಕಟ್ಟುನಿಟ್ಟಾಗಿ ಅನ್ವಯಿಸಬೇಕೆಂಬುದೂ ನ್ಯಾಯ. ಟಗರನ್ನು ತಿಂದ ರಾಜಕುಮಾರನಿಗೆ ಒಂದು ಅಳತೆ, ವ್ರತ ಹಿಡಿದ ಯಮಪಾಲನಿಗೆ ಇನ್ನೊಂದು ಅಳತೆ ಇರಕೂಡದು.

ಬೆಳಗೊಳದಲ್ಲಿ ಚಾವುಂಡರಾಯನ ಕೊಡಗಟ್ಟಲೆ ಹಾಲಿಗೆ ತುಂಬಿ ಬಾರದ ಅಭಿಷೇಕವು ಬಡ ಮುದುಕಿಯೊಬ್ಬಳ ಗುಳ್ಳಕಾಯಿಯ ಹಾಲಿಗೆ ಬೆಟ್ಟದಿಂದಿಳಿದು ಹರಿಯಿತೆಂದು ಜನರು ನಂಬುತ್ತಾರೆ. ಆ ಗುಳ್ಳಕಾಯಜ್ಜಿಯ ಕುಲವಾವುದೆಂದು ಯಾರೂ ವಿಚಾರಿಸಿಲ್ಲ. ಅವಳ ವಿಗ್ರಹವು ಗೊಮ್ಮಟೇಶ್ವರನ ಎದುರಿನಲ್ಲಿಯ ಬಾಗಿಲ ಹೊರಗೆ ಇಂದಿಗೂ ನಿಂತಿದೆ. ಪ್ರತಿ ಚತುರ್ದಶಿಯಂದು ಉಪವಾಸವಿರುವ ಶ್ರಾವಕ ಶ್ರಾವಿಕೆಯರು ಆ ತಿಥಿಯನ್ನು ಪ್ರಾಣಕ್ಕಿಂತ ದೊಡ್ಡದೆಂದು ತಿಳಿದ ಮಾತಂಗನನ್ನೂ ಒಮ್ಮೆ ನೆನೆಯಲಿ. ಆ ನೆನಪಿನೊಂದಿಗೆ ಜಾತಿಮದವು ಎಳ್ಳಷ್ಟು ಕರಗಿದರೂ ಅಂದಿನ ಉಪವಾಸವು ನಿರ್ಜರೆಗೆ ಕಾರಣವಾಗುತ್ತದೆ.